ಹತ್ತಿಂಚು ತಗ್ಗಿಸಿದ ಜಾಕಿಯಕ್ಕ

ಜಾಕಿಯಕ್ಕ ತನ್ನ ಗಂಡನನ್ನು ಶೆಡ್ಡಿನೊಳಗೆ ಕೆಡವಿಕೊಂಡು ಹೊಡೆಯುತ್ತಾಳೆ ಎಂದು ನಾನು ನಾಲ್ಕು ತಿಂಗಳು ನಂಬಿದ್ದೆ. ವೈದ್ಯರ ಮಾತಿಗೆ ಹೆದರಿ ಸಂಜೆ ನಡೆಯಲು ಹೋಗುತ್ತಿದ್ದ ದಾರಿಯಲ್ಲೇ ಅವಳ ತಗಡಿನ ಶೆಡ್ಡು. ಒಳಗಿಂದ ಅವಳ ದನಿ ಬರುತ್ತಿತ್ತು: "ಸೊಂಟದ ಮೇಲೆ ಹೊಡೀರಿ. ಇನ್ನೂ ಇಳೀಬೇಕು ಅವನು. ಕೂಗಿದ್ರೆ ಕೂಗಲಿ, ಹಳೇ ಮೂಳೆ." ಅದರ ಹಿಂದೆಯೇ ದಪ್ ದಪ್ ಎಂಬ ಏಟು, ಆಮೇಲೆ ಉದ್ದಕ್ಕೆ ಎಳೆದ ನರಳಾಟ. ಜವಾಬ್ದಾರಿಯುಳ್ಳ ನಾಗರಿಕನಾಗಿ ನಾನು ಒಂದು ದೂರುಪತ್ರ ಬರೆದೆ. ಭಾಷೆ ಹಿಡಿಸದೆ ಮೂರು ಸಲ ತಿದ್ದಿದೆ. ನಾಲ್ಕನೆಯ ಪ್ರತಿ ಮಾಡುವ ಮೊದಲು ಒಂದು ಸಂಜೆ ಧೈರ್ಯ ಮಾಡಿ, ಕೊಡೆಯನ್ನು ಕತ್ತಿಯ ಹಾಗೆ ಹಿಡಿದು ಒಳಗೆ ನುಗ್ಗಿದೆ. ಗಂಡ ಸುತ್ತಿಗೆ ಬದಿಗಿಟ್ಟು, ಬಣ್ಣದ ಡಬ್ಬಿಯ ಮೇಲೆ ಕೂತು ಈರುಳ್ಳಿ ಬಿಡಿಸುತ್ತಿದ್ದ. ನರಳುತ್ತಿದ್ದದ್ದು ದೋಣಿ ಸಾಗಿಸುವ ಒಂದು ಟ್ರೈಲರ್, ಏಟು ಬೀಳುತ್ತಿದ್ದದ್ದು ಅದರ ತುಕ್ಕು ಹಿಡಿದ ಬೋಲ್ಟಿಗೆ. "ಏನು ಬೇಕಿತ್ತು?" ಎಂದಳು ಜಾಕಿಯಕ್ಕ. ಕೊಡೆ ರಿಪೇರಿ ಮಾಡುತ್ತೀರಾ ಎಂದು ಕೇಳಿ ಮಾನ ಉಳಿಸಿಕೊಂಡೆ.

ಶೆಡ್ಡಿನೊಳಗೆ ಇಲ್ಲದ ಹೊಡೆದಾಟಕ್ಕೆ ಅಷ್ಟು ಕಿವಿಗೊಟ್ಟ ನಾನು, ಅಲ್ಲಿಂದ ಇನ್ನೂರು ಹೆಜ್ಜೆ ಆಚೆ ನೀರಿನ ಅಂಚಿನಲ್ಲಿ, ಹಾಡಹಗಲೇ ನಡೆಯುತ್ತಿದ್ದದ್ದಕ್ಕೆ ಒಂದು ಸಾಲಿನ ಪತ್ರವನ್ನೂ ಬರೆಯಲಿಲ್ಲ. ಊರಲ್ಲಿ ಯಾರೂ ಬರೆದಿರಲಿಲ್ಲ. ಅಂಥದ್ದಕ್ಕೆ ಒಳ್ಳೆಯ ಭಾಷೆ ಯಾರಿಗೂ ಒದಗುವುದಿಲ್ಲ. ನನ್ನ ಮಾತು ಇಲ್ಲಿಗೆ ಸಾಕು, ಇದು ಅವಳ ಕತೆ.

ಅವಳಿಗೆ ಆಗ ಐವತ್ತೆರಡು. ಎಡಗೈಯ ಕಿರುಬೆರಳು ಅರ್ಧ ಇಲ್ಲ. ಹದಿನೇಳನೇ ವಯಸ್ಸಿನಲ್ಲಿ ಅಪ್ಪನ ಜಾಕಿ ಜಾರಿ ಲಾರಿಯ ಚಕ್ರ ಅದರ ಮೇಲೆ ಕೂತಿತ್ತು. ಉಳಿದ ಅರ್ಧ ಬೆರಳನ್ನು ಅವಳು ಅಳತೆಗೋಲಾಗಿ ಬಳಸುತ್ತಿದ್ದಳು, ಸರಿಯಾಗಿ ಒಂದಿಂಚು. ಮುಂಗೈ ತುಂಬ ವೆಲ್ಡಿಂಗಿನ ಕಿಡಿ ಬಿದ್ದ ಚುಕ್ಕೆಗಳು. ಅಪ್ಪ ಸತ್ತ ಮೇಲೆ ಜಾಕಿ, ಶೆಡ್ಡು ಮತ್ತು ಒಬ್ಬ ತಮ್ಮ ಅವಳ ಪಾಲಿಗೆ ಬಂದವು. ಮೂರನ್ನೂ ತುಕ್ಕು ಹಿಡಿಯದ ಹಾಗೆ ನೋಡಿಕೊಂಡಳು, ಆದರೆ ತಮ್ಮನ ಬಾಯಿಗೆ ಎಣ್ಣೆ ಜಾಸ್ತಿ ಬಿತ್ತು ಎಂದು ಗಂಡನ ದೂರು.

ಆ ಗಂಡನಿಗೆ ಒಂದೇ ಕಣ್ಣು. ಇನ್ನೊಂದು ಹನ್ನೊಂದು ವರ್ಷದ ಹಿಂದೆ ನೀರಿನ ಅಂಚಿನಲ್ಲೇ ಹೋದದ್ದು. ದೋಣಿಗಳನ್ನು ನೀರಿಗೆ ಇಳಿಸಲು ಅಲ್ಲೊಂದು ಕಾಂಕ್ರೀಟಿನ ಇಳಿಜಾರಿದೆ. ಅದರ ಎಡಮಗ್ಗುಲಲ್ಲಿ ಮಾತ್ರ ನೀರು ಸೊಂಟದವರೆಗೆ ಬರುತ್ತದೆ. ಉಳಿದೆಡೆ ಹೂಳು ತುಂಬಿ, ಬೇಸಿಗೆಯಲ್ಲಿ ಮೊಣಕಾಲು ದಾಟುವುದಿಲ್ಲ. ಟ್ರೈಲರನ್ನು ಹಿಂದಕ್ಕೆ ನೂಕಿದರೆ ಚಕ್ರ ಮುಳುಗುತ್ತದೆ, ದೋಣಿ ಮಾತ್ರ ಹಲಗೆಯ ಮೇಲೆ ಮದುಮಗನ ಹಾಗೆ ಕೂತೇ ಇರುತ್ತದೆ. ಇನ್ನೂ ನೂಕಿದರೆ ಕಾಂಕ್ರೀಟು ಮುಗಿದು ಚಕ್ರ ಕೆಸರಿಗೆ ಇಳಿಯುತ್ತದೆ. ಹೀಗಾಗಿ ಬೆಳಗಾದರೆ ಎಲ್ಲರಿಗೂ ಎಡಮಗ್ಗುಲೇ ಬೇಕು. ಎಲ್ಲರಿಗೂ ಬೇಕಾದ ಜಾಗದಲ್ಲಿ ಹುಟ್ಟು ನೀರಿಗಿಂತ ಹೆಚ್ಚಾಗಿ ತಲೆಗೇ ಬೀಳುತ್ತದೆ. ಗಂಡನ ಕಣ್ಣಿಗೆ ಬಿದ್ದದ್ದು ಹುಟ್ಟಿನ ತುದಿಗೆ ಹೊಡೆದಿದ್ದ ಮೊಳೆ.

"ಒಂದು ಕಣ್ಣು ಹೋಗಿದ್ದಕ್ಕೆ ಬೇಜಾರಿಲ್ಲ" ಎನ್ನುತ್ತಿದ್ದ ಆತ. "ಇವಳ ಅಡುಗೆ ಅರ್ಧ ಮಾತ್ರ ಕಾಣುತ್ತೆ." ಅಡುಗೆ ಮಾಡುತ್ತಿದ್ದದ್ದು ಅವನೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹೊಡೆದಾಟ ನಿಲ್ಲಿಸಲೆಂದು ದೋಣಿ ಸಂಘ ಹುಟ್ಟಿತು. ಸಂಘಕ್ಕೆ ಅಧ್ಯಕ್ಷರು ಹುಟ್ಟಿದರು. ಅವರು ಬಿಳಿ ಟೋಪಿ ಹಾಕಿಕೊಂಡು, ಕೊರಳಿಗೆ ಹಿತ್ತಾಳೆಯ ಸೀಟಿ ತೂಗುಹಾಕಿಕೊಂಡು ಬೆಳಗ್ಗೆ ಆರಕ್ಕೆ ಇಳಿಜಾರಿನ ಮೇಲೆ ನಿಲ್ಲುತ್ತಿದ್ದರು. ಯಾರಾದರೂ ದೋಣಿ ಇಳಿಸಿದರೆ ಒಂದು ಸೀಟಿ, ಇಳಿಸದಿದ್ದರೆ ಎರಡು. ನೀರಿಗೆ ಬಂದ ಬಾತುಕೋಳಿಗೂ ಒಂದು. ಅವರ ಸ್ವಂತ ದೋಣಿ ವರ್ಷಕ್ಕೆ ಎರಡು ಸಲ ನೀರು ಮುಟ್ಟುತ್ತಿತ್ತು, ಆದರೂ ಎಡಮಗ್ಗುಲಲ್ಲಿ ಅದಕ್ಕೊಂದು ಹಗ್ಗ ಕಟ್ಟಿದ ಜಾಗ. ಹಗ್ಗಕ್ಕೆ ಬೋರ್ಡು: 'ಆಳದ ಬದಿ ಸಂಘದ ಸದಸ್ಯರಿಗೆ ಮಾತ್ರ.' ಸದಸ್ಯರು ಯಾರು ಎಂಬುದನ್ನು ಅಧ್ಯಕ್ಷರೇ ತೀರ್ಮಾನಿಸುತ್ತಿದ್ದರು. ಆ ತೀರ್ಮಾನವನ್ನು ಅವರ ಅಕ್ಕನ ಮಕ್ಕಳಿಬ್ಬರು ಜಾರಿಗೆ ತರುತ್ತಿದ್ದರು. ಇಬ್ಬರದೂ ಕುತ್ತಿಗೆ ಇಲ್ಲದ ಮೈಕಟ್ಟು. ಒಬ್ಬ ಹಿಡಿದುಕೊಳ್ಳುವವನು, ಇನ್ನೊಬ್ಬ ಹೊಡೆಯುವವನು. ಮನೆಯಲ್ಲೂ ಹಾಗೆಯೇ ಕೆಲಸ ಹಂಚಿಕೊಂಡಿದ್ದರೋ ಏನೋ.

ಜಾಕಿಯಕ್ಕನ ತಮ್ಮ ಸದಸ್ಯನಲ್ಲ. ಹದಿನಾರು ಅಡಿಯ ದೋಣಿ, ಹಿಂದೆ ಒಂದು ಮೋಟಾರು, ಎರಡು ಬಲೆ, ಹಿಡಿ ಸಿಟ್ಟು. ಬೇಸಿಗೆ ಏರಿದ ಒಂದು ಬೆಳಗ್ಗೆ ಅವನು ಹಿಂದಿನ ದಿನ ಬಿಟ್ಟ ಬಲೆ ಎಳೆಯಲು ಬಂದ. ಹಗ್ಗ ಬಿಚ್ಚಿ ಎಡಮಗ್ಗುಲಿಗೆ ಟ್ರೈಲರ್ ತಿರುಗಿಸಿದ. ಸೀಟಿ ಕೇಳಿಸಿತು. ಅವನು ತಿರುಗಿ ನೋಡುವಷ್ಟರಲ್ಲಿ ಹುಟ್ಟು ಕಿವಿಯ ಮೇಲೆ ಬಿತ್ತು. ಕಿವಿಯ ಮೇಲ್ತುದಿ ಹರಿದು ಕೆನ್ನೆಗೆ ಜೋತುಬಿತ್ತು. ಅವನೂ ಸುಮ್ಮನಿರಲಿಲ್ಲ, ಲಂಗರಿನ ಕಬ್ಬಿಣ ಎತ್ತಿ ಹೊಡೆಯುವವನ ಮಂಡಿಗೆ ಬೀಸಿದ. ಮಂಡಿ ಕಟಕ್ ಎಂದಿತು. ಆಮೇಲೆ ಹಿಡಿಯುವವನು ಅವನ ಜುಟ್ಟು ಹಿಡಿದು ಮೊಣಕಾಲುದ್ದದ ನೀರಿನಲ್ಲಿ ಮುಖ ಅದುಮಿದ. ಒಂದು, ಎರಡು, ಮೂರು ಎಂದು ಯಾರೋ ಎಣಿಸಿದರು. ಮೂವತ್ತನಾಲ್ಕಕ್ಕೆ ಬಿಟ್ಟ. ಅಧ್ಯಕ್ಷರು ಎರಡು ಸೀಟಿ ಊದಿ, "ಶಿಸ್ತು ಇರಬೇಕು" ಎಂದರು.

ಹತ್ತು ಗಂಟೆಗೆ ಜಾಕಿಯಕ್ಕ ಬಂದು ಶೆಡ್ಡಿನ ಬಾಗಿಲು ತೆಗೆದಾಗ ಒಳಗೆ ಸಾಣೆ ಯಂತ್ರ ಆಗಲೇ ತಿರುಗುತ್ತಿತ್ತು. ತಮ್ಮ ಹಿಂಬಾಗಿಲಿನಿಂದ ಬಂದಿದ್ದ. ಕಿವಿಗೆ ಸುತ್ತಿದ ಬಟ್ಟೆಯಿಂದ ರಕ್ತ ತೊಟ್ಟಿಕ್ಕಿ ಅಂಗಿಯ ಭುಜ ಗಟ್ಟಿಯಾಗಿತ್ತು. ಅವಳ ಗುಜರಿ ರಾಶಿಯಿಂದ ಲಾರಿ ಕಮಾನಿನ ಒಂದು ಉಕ್ಕಿನ ಪಟ್ಟಿ ಎತ್ತಿಕೊಂಡು ಅಂಚು ಮಸೆಯುತ್ತಿದ್ದ. ಕಿಡಿ ಅವನ ಮೊಣಕೈಗೆ ಹಾರುತ್ತಿತ್ತು. ಅವನಿಗೆ ಗೊತ್ತಾಗುತ್ತಿರಲಿಲ್ಲ.

ಅವಳು ಗುಂಡಿ ಒತ್ತಿ ಯಂತ್ರ ಆರಿಸಿದಳು.

"ಏನೋ ಅದು?"

"ಮಚ್ಚು."

"ಕಾಣ್ತಿದೆ. ಯಾರಿಗೆ?"

"ನಾಳೆ ಬೆಳಗ್ಗೆ ಯಾರು ಅಡ್ಡ ಬರ್ತಾರೋ ಅವರಿಗೆ. ಸೀಟಿ ಮೊದಲು."

ಅವಳು ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಕೂದಲು ಕತ್ತರಿಸುವಷ್ಟು ಚೂಪಾಗಿತ್ತು. ಕೆಲಸ ಅಚ್ಚುಕಟ್ಟಾಗಿದೆ ಎಂದು ಒಂದು ಕ್ಷಣ ಮೆಚ್ಚಿಕೆಯಾಯಿತು, ಕಲಿಸಿದವಳು ಅವಳೇ. ಇವನು ಮಾತಿಗೆ ಹೇಳುತ್ತಿಲ್ಲ ಎಂದು ಅವಳಿಗೆ ಗೊತ್ತಾದದ್ದೂ ಅದರಿಂದಲೇ. ಸುಮ್ಮನೆ ಕೂಗಾಡುವವನು ಇಷ್ಟು ನಯವಾಗಿ ಅಂಚು ಮಸೆಯುವುದಿಲ್ಲ. ನಾಳೆ ಬೆಳಗ್ಗೆ ಆರಕ್ಕೆ ಒಂದೋ ಸಂಘಕ್ಕೆ ಅಧ್ಯಕ್ಷರಿರುವುದಿಲ್ಲ, ಇಲ್ಲವೇ ತನಗೆ ತಮ್ಮನಿರುವುದಿಲ್ಲ. ಬಹುಶಃ ಎರಡೂ.

"ಬಲೆಯಲ್ಲಿ ಮೀನಿದೆ ಅಕ್ಕಾ. ನಾಳೆ ದಾಟಿದ್ರೆ ಕೊಳೆಯುತ್ತೆ. ಬಲೆ ಸಮೇತ ಹೋಗುತ್ತೆ. ಇಳಿಸಲೇಬೇಕು ನಾನು."

"ನಿಂಗೆ ಬೇಕಾಗಿರೋದು ಅವನ ತಲೆನಾ, ನೀರಾ?"

"ಎರಡೂ."

"ಒಂದು ಸಾಲದಾ?"

ಅವಳ ಹಿಂದೆಯೇ ಬಂದು ಶೆಡ್ಡಿನ ಮೂಲೆಯ ಒಲೆ ಹಚ್ಚುತ್ತಿದ್ದ ಗಂಡ ಹೇಳಿದ: "ಬಾರಯ್ಯ ಭಾವಮೈದ, ಒಂದು ಕಣ್ಣು ಕಳ್ಕೊಂಡವನ ಮಾತು ಕೇಳು. ಆ ಎಡಮಗ್ಗುಲಲ್ಲಿ ಇರೋದು ಬರೀ ನೀರೇ. ನಾನು ಹತ್ತಿರದಿಂದ ನೋಡಿದೀನಿ, ಎರಡೂ ಕಣ್ಣಲ್ಲಿ."

"ನಿಮ್ಮ ಹಂಗೆ ಈರುಳ್ಳಿ ಬಿಡಿಸ್ಕೊಂಡು ಕೂರೋಕೆ ನಂಗಾಗಲ್ಲ ಭಾವ."

"ಕಲಿಸ್ತೀನಿ, ಕಷ್ಟ ಇಲ್ಲ."

ಜಾಕಿಯಕ್ಕ ಮಚ್ಚನ್ನು ಹಳೆ ಅಂಗಿಯಲ್ಲಿ ಸುತ್ತಿ ಹತಾರದ ಪೆಟ್ಟಿಗೆಯ ತಳಕ್ಕೆ ಹಾಕಿ ಬೀಗ ಜಡಿದಳು. "ಮಧ್ಯಾಹ್ನದೊಳಗೆ ದೋಣಿ ಸಮೇತ ಟ್ರೈಲರ್ ತಗೊಂಡು ಬಾ. ನಾಳೆ ನೀನು ಬಲಮಗ್ಗುಲಲ್ಲೇ ಇಳಿಸ್ತೀಯ. ಮೊಣಕಾಲು ನೀರಲ್ಲಿ."

"ತೇಲದಿದ್ರೆ?"

"ತೇಲದಿದ್ರೆ ಪೆಟ್ಟಿಗೆ ಬೀಗ ನಾನೇ ತೆಗೀತೀನಿ."

ಹಾಗೆ ಹೇಳಿ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಆಡಿದರೆ ಹೋಯಿತು. ತಮ್ಮ ತಲೆಯಾಡಿಸಿ ಹೋದ.

ಅವಳು ಒಂದು ಕೋಲು ತೆಗೆದುಕೊಂಡು ಇಳಿಜಾರಿಗೆ ಹೋಗಿ, ಬಟ್ಟೆ ಸಮೇತ ಬಲಮಗ್ಗುಲಿಗೆ ಇಳಿದಳು. ಕಾಂಕ್ರೀಟು ಮುಗಿಯುವ ಅಂಚಿನಲ್ಲಿ ಕೋಲು ಊರಿ ಗುರುತು ಹಾಕಿದಳು. ಇಪ್ಪತ್ತೊಂದು ಇಂಚು. ಅವಳನ್ನು ನೋಡಿ ಅಧ್ಯಕ್ಷರು ಸೀಟಿ ಊದಿದರು.

"ಏನಮ್ಮಾ, ಸ್ನಾನವಾ?"

"ಅಳತೆ ತಗೋತಿದೀನಿ ಅಧ್ಯಕ್ಷರೇ."

"ಅಳತೆಗೆ ಅರ್ಜಿ ಕೊಡಬೇಕು."

"ನೀರಿಗೆ ಕೊಟ್ಟಿದೀನಿ" ಎಂದು ಕೋಲು ಹೆಗಲಿಗೇರಿಸಿ ಬಂದಳು.

ಲೆಕ್ಕ ಸರಳವಾಗಿತ್ತು, ಸರಳವಾದದ್ದೇ ಅದರ ಕೇಡು. ಮೋಟಾರು ಮೇಲೆತ್ತಿಕೊಂಡರೆ ದೋಣಿಗೆ ತೇಲಲು ಎಂಟಿಂಚು ನೀರು ಬೇಕು. ದೋಣಿ ಕೂರುವ ಹಲಗೆ ನೆಲದಿಂದ ಇಪ್ಪತ್ತಮೂರು ಇಂಚು ಎತ್ತರದಲ್ಲಿದೆ. ಎರಡೂ ಸೇರಿ ಮೂವತ್ತೊಂದು. ನೀರಿರುವುದು ಇಪ್ಪತ್ತೊಂದು. ಅಂದರೆ ಟ್ರೈಲರ್ ಹತ್ತಿಂಚು ಕುಗ್ಗಬೇಕು. ಮನುಷ್ಯರು ಕುಗ್ಗುವುದಕ್ಕಿಂತ ಇದು ಸುಲಭ.

ದೋಣಿಯನ್ನು ಸರಪಳಿಯಲ್ಲಿ ತೊಲೆಗೆ ನೇತುಹಾಕಿ ಗಂಡ ಹೆಂಡತಿ ಇಬ್ಬರೂ ಟ್ರೈಲರಿನ ಕೆಳಗೆ ನುಸುಳಿದರು. ಟ್ರೈಲರಿನ ಮೈಯನ್ನು ಹೊರುವುದು ಬಿಲ್ಲಿನ ಹಾಗೆ ಬಾಗಿದ ಕಮಾನು. ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು. ಅದು ಎರಡು ಚಕ್ರ ಸೇರಿಸುವ ಅಚ್ಚಿನ ಮೇಲೆ ಕೂತಿತ್ತು. ಅವಳು ಅದನ್ನು ಬಿಚ್ಚಿ ಅಚ್ಚಿನ ಕೆಳಗೆ ತೂಗುಹಾಕಿದಳು. ಅಷ್ಟರಿಂದಲೇ ಇಡೀ ಮೈ ಐದಿಂಚು ಇಳಿಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಗಂಡ ಸುತ್ತಿಗೆ ಬೀಸಿದ. ಒಂದೇ ಕಣ್ಣಿನವನಿಗೆ ದೂರ ತಿಳಿಯದೆ ನಾಲ್ಕಕ್ಕೊಂದು ಏಟು ಬೋಲ್ಟು ತಿರುಗಿಸಲು ಅವಳು ಹಿಡಿದ ಪಾನಾಕ್ಕೆ ಬೀಳುತ್ತಿತ್ತು. "ಸೊಂಟದ ಮೇಲೆ ಹೊಡೀರಿ, ನನ್ನ ಕೈಮೇಲಲ್ಲ." ಹಲಗೆ ಹೊರುವ ಕಂಬಗಳನ್ನು ಕೊಯ್ದು ಮೂರಿಂಚು ಇಳಿಸಿದಳು. ಎಂಟಾಯಿತು. ದೊಡ್ಡ ಚಕ್ರ ಕಳಚಿ ತಳ್ಳುಗಾಡಿಯ ಗಿಡ್ಡ ಚಕ್ರ ಹಾಕಿದಳು. ಹತ್ತಾಯಿತು. ಚಕ್ರ ಮಡ್‌ಗಾರ್ಡಿಗೆ ಉಜ್ಜುವುದೆಂದು ಮಡ್‌ಗಾರ್ಡನ್ನೇ ಕಿತ್ತೆಸೆದಳು.

ಹೊತ್ತು ಮುಳುಗುವ ಮೊದಲು ದೋಣಿ ಇಳಿಸಿ ಕೂರಿಸಿ, ಟೇಪು ಹಿಡಿದು ನೋಡಿದಳು. ನೆಲದಿಂದ ಹಲಗೆಗೆ ಹದಿಮೂರು ಇಂಚು. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಟ್ರೈಲರ್ ಬೈಸಿಕೊಂಡ ನಾಯಿಯ ಹಾಗೆ ಹೊಟ್ಟೆ ನೆಲಕ್ಕೆ ತಾಗಿಸಿ ನಿಂತಿತ್ತು.

"ಭಲೆ" ಎಂದ ಗಂಡ. "ಇನ್ನೂ ಸ್ವಲ್ಪ ಇಳಿಸಿದ್ರೆ ಚಾಪೆ ಅಂತ ಮಾರಬಹುದು."

ಮರುದಿನ ಆರು ಗಂಟೆಗೆ ಇಳಿಜಾರಿನ ಮೇಲೆ ಊರಿನ ಮೀನುಗಾರರಲ್ಲಿ ಅರ್ಧ ಜನ ಸೇರಿದ್ದರು. ಗಂಡ ಹಳೆಯ ಟ್ರ್ಯಾಕ್ಟರಿನಲ್ಲಿ ಕೂತು, ಕತ್ತು ಪೂರ್ತಿ ತಿರುಗಿಸಿ ಹಿಂದಕ್ಕೆ ಓಡಿಸಿದ. ತಮ್ಮ ಕಿವಿಗೆ ಹೊಸ ಬಟ್ಟೆ ಸುತ್ತಿಕೊಂಡು ದೋಣಿಯ ಮೂತಿ ಹಿಡಿದಿದ್ದ. ಜಾಕಿಯಕ್ಕ ಹತಾರದ ಪೆಟ್ಟಿಗೆಯನ್ನು ಟ್ರ್ಯಾಕ್ಟರಿನ ಮೇಲಿಟ್ಟು ನೀರಿನಲ್ಲಿ ನಿಂತಿದ್ದಳು. ಎಡಮಗ್ಗುಲಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಅಕ್ಕನ ಮಕ್ಕಳು. ಹೊಡೆಯುವವನ ಮಂಡಿ ಕುಂಬಳಕಾಯಿ ಆಗಿತ್ತು.

ಚಕ್ರ ಮುಳುಗಿತು. ಹಲಗೆ ಮುಳುಗಿತು. ದೋಣಿಯ ಹಿಂಭಾಗ ಅಲುಗಿ ಒಂದಿಂಚು ಎದ್ದಿತು. ಗುಂಪಿನಲ್ಲಿ ಯಾರೋ ಕೇಕೆ ಹಾಕಿದರು. ಅಷ್ಟೇ. ದೋಣಿ ಎದ್ದಷ್ಟೂ ಹಲಗೆಯೂ ಅದರ ಜೊತೆ ಎದ್ದಿತು. ಇನ್ನೂ ಎದ್ದಿತು, ಇದೂ ಎದ್ದಿತು. ಸಾಲಕೊಟ್ಟವನ ಹಾಗೆ ಟ್ರೈಲರ್ ದೋಣಿಯ ಬೆನ್ನು ಬಿಡಲಿಲ್ಲ. ಚಕ್ರ ಕಾಂಕ್ರೀಟಿನ ಅಂಚಿಗೆ ಬಂತು, ಇನ್ನು ಕೆಸರು.

ಅವಳು ಬಗ್ಗಿ ನೀರಿನೊಳಗೆ ಕೈ ಹಾಕಿ ತಡವಿದಳು. ಕಮಾನು. ನಿನ್ನೆ ಅವಳು ಅಳೆದದ್ದು ದೋಣಿಯ ಭಾರಕ್ಕೆ ಅದುಮಿ ಕೂತ ಕಮಾನನ್ನು. ನೀರು ದೋಣಿಯ ಭಾರ ಎತ್ತಿಕೊಂಡ ಕೂಡಲೇ ಕಮಾನು ಮೈ ಮುರಿದು ಮೇಲೆದ್ದಿತ್ತು. ಎರಡೂವರೆ ಇಂಚು. ಮೂವತ್ತೈದು ವರ್ಷ ಟ್ರೈಲರಿನ ಕೆಳಗೆ ಮಲಗಿದವಳು ಅದನ್ನು ಒಣ ನೆಲದಲ್ಲಿ ಮರೆತಿದ್ದಳು.

ಅಧ್ಯಕ್ಷರು ಎರಡು ಸೀಟಿ ಊದಿದರು. "ಪ್ರಯೋಗ ಮುಗೀತು. ಸಂಘದ ಅನುಮತಿ ಇಲ್ಲದೆ ಟ್ರೈಲರ್ ಗಿಡ್ಡ ಮಾಡೋದು ನಿಯಮಬಾಹಿರ. ಎತ್ಕೊಂಡು ಹೋಗಿ."

"ಇವಳು ಅವನ ಟ್ರೈಲರ್ ಅಲ್ಲ, ಅವನ ಮರ್ಯಾದೆ ಇಳಿಸಿದ್ಲು" ಎಂದ ಹಿಡಿಯುವವನು. ನಗೆ ಎದ್ದಿತು.

ತಮ್ಮ ನಗಲಿಲ್ಲ. ದೋಣಿಯ ಮೂತಿ ಬಿಟ್ಟು ಟ್ರ್ಯಾಕ್ಟರಿನತ್ತ ನಡೆದ. "ಅಕ್ಕಾ. ಬೀಗ."

"ಸ್ವಲ್ಪ ಇರು."

"ನೀನು ಮಾತು ಕೊಟ್ಟಿದ್ದೆ."

ಕೊಟ್ಟಿದ್ದಳು. ಬೀಗದ ಕೈಯನ್ನು ಅವಳು ಕೊಡಲಿಲ್ಲ. ಅವನೇ ಅವಳ ಸೊಂಟದಿಂದ ಕಿತ್ತುಕೊಂಡು ಪೆಟ್ಟಿಗೆ ತೆರೆದ. ಮೇಲೆ ಪಾನಾ, ಸುತ್ತಿಗೆ, ಸುರುಳಿ ಸುತ್ತಿದ ಎರಡು ಸರಪಳಿ, ತಳದಲ್ಲಿ ಅಂಗಿ ಸುತ್ತಿದ ಮಚ್ಚು. ಅವನು ಸರಪಳಿಯನ್ನು ಬದಿಗೆ ಎಸೆದು ಮಚ್ಚಿಗೆ ಕೈ ಹಾಕಿದ. ಅವಳು ಕಂಡದ್ದು ಸರಪಳಿಯನ್ನು. ಅದು ಬೀಳುವ ಸದ್ದು ಕೇಳುವಷ್ಟರಲ್ಲಿ ಅವಳಿಗೆ ಎಲ್ಲ ಹೊಳೆಯಿತು. ಅದನ್ನು ವಿವರಿಸುವಷ್ಟು ಹೊತ್ತು ಇರಲಿಲ್ಲ. ಪೆಟ್ಟಿಗೆಯಲ್ಲೇ ಇದ್ದ ಜಾಕಿಯ ಕಬ್ಬಿಣದ ಹಿಡಿ ಕೈಗೆ ಸಿಕ್ಕಿತು. ಅದನ್ನೆತ್ತಿ ತಮ್ಮನ ಬಲಗೈ ಮಣಿಕಟ್ಟಿಗೆ ಹೊಡೆದಳು, ಸರಿಯಾಗಿ, ತುಕ್ಕು ಹಿಡಿದ ಬೋಲ್ಟಿಗೆ ಹೊಡೆದ ಹಾಗೆ. ಎಲುಬು ಮುರಿದದ್ದು ಎಲ್ಲರಿಗೂ ಕೇಳಿಸಿತು. ಮಚ್ಚು ನೀರಿಗೆ ಬಿತ್ತು. ಅವಳು ಅದರ ಮೇಲೆ ಕಾಲಿಟ್ಟು ನಿಂತಳು.

ಊರಿನ ನೆನಪಿನಲ್ಲಿ ಆ ದಿನ ಅವಳು ಯಾರ‍್ಯಾರಿಗೋ ಹೊಡೆದಿದ್ದಾಳೆ. ನಿಜವಾಗಿ ಹೊಡೆದದ್ದು ಒಬ್ಬನಿಗೆ ಮಾತ್ರ, ಎತ್ತಿ ಆಡಿಸಿದ ತಮ್ಮನಿಗೆ.

"ಎಡಗೈಯಲ್ಲಿ ಮೋಟಾರು ಓಡಿಸೋಕೆ ಬರುತ್ತಾ?" ಎಂದು ಕೇಳಿದಳು.

ಅವನು ನೋವಿಗೆ ಬಾಗಿ, ಹಲ್ಲು ಕಚ್ಚಿ ಅವಳನ್ನೇ ನೋಡಿದ. "ಬರುತ್ತೆ."

"ಹಂಗಾದ್ರೆ ದೋಣಿ ಹತ್ತು. ರೀ, ಟ್ರ್ಯಾಕ್ಟರ್ ಮುಂದಕ್ಕೆ ತಗೊಳ್ಳಿ, ಒಣ ಜಾಗಕ್ಕೆ."

ಟ್ರೈಲರ್ ನೀರಿನಿಂದ ಹೊರಗೆ ಬಂತು. ತಮ್ಮನ ತೂಕವೂ ಸೇರಿ ದೋಣಿ ಮತ್ತೆ ಹಲಗೆಯ ಮೇಲೆ ಕುಸಿದು ಕೂತಿತು, ಕಮಾನು ಅದುಮಿಕೊಂಡಿತು. ಅದೇ ಸ್ಥಿತಿಯಲ್ಲಿ ಅವಳು ಕೆಳಗೆ ತೂರಿ, ಒಂದು ಸರಪಳಿಯನ್ನು ಅಚ್ಚಿಗೂ ಮೇಲಿನ ಚೌಕಟ್ಟಾದ ಚಾಸಿಗೂ ಸುತ್ತಿ ಎಳೆದು ಕೊಂಡಿ ಸಿಕ್ಕಿಸಿದಳು. ಇನ್ನು ಭಾರ ಇರಲಿ ಬಿಡಲಿ ಕಮಾನು ಏಳುವಂತಿಲ್ಲ. ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಉರುಳುವಾಗ ಹಿಡಿಯುವವನು ಅವಳ ಕಾಲು ಹಿಡಿದು ಹೊರಗೆ ಎಳೆದ. ಕಾಂಕ್ರೀಟಿಗೆ ಉಜ್ಜಿ ಅವಳ ಬೆನ್ನಿನ ಚರ್ಮ ಸುಲಿಯಿತು. ಹೊಡೆಯುವವನು ಕುಂಟುತ್ತ ಬಂದು ಅವಳ ಪಕ್ಕೆಗೆ ಒದ್ದ. ಒಳ್ಳೆಯ ಕಾಲಿನಲ್ಲಿ ಒದೆಯಲು ಊದಿದ ಕಾಲಿನ ಮೇಲೆ ನಿಲ್ಲಬೇಕಾಗಿ, ಒದ್ದವನೇ ಮೊದಲು ಕಿರುಚಿದ. ಗುಂಪು ನೋಡುತ್ತಿತ್ತು. ಗುಂಪುಗಳಿಗೆ ನೋಡುವುದು ಚೆನ್ನಾಗಿ ಬರುತ್ತದೆ.

ಆಗ ಟ್ರ್ಯಾಕ್ಟರ್ ಗರ್ಜಿಸಿತು. ಅದನ್ನು ಟ್ರೈಲರಿನ ಕೊಕ್ಕೆಯಿಂದ ಕಳಚಿಕೊಂಡಿದ್ದ ಗಂಡ ಅಣ್ಣತಮ್ಮಂದಿರ ಕಡೆಗೆ ಹಿಮ್ಮುಖವಾಗಿ ಬರುತ್ತಿದ್ದ. "ಸರೀರಪ್ಪಾ" ಎಂದು ಸಾವಧಾನವಾಗಿ ಕೂಗಿದ. "ಎಡಗಡೆ ನಂಗೆ ಏನೂ ಕಾಣಲ್ಲ." ಇಬ್ಬರೂ ಎಡಗಡೆಯೇ ಇದ್ದರು. ಹಿಡಿಯುವವನು ಹಾರಿಕೊಂಡ. ಹೊಡೆಯುವವನ ಪಾದದ ಮೇಲೆ ಹಿಂದಿನ ಚಕ್ರ ಹತ್ತಿ ಇಳಿಯಿತು. ಅದೃಷ್ಟವೆಂದರೆ ಅದು ಊದಿದ ಮಂಡಿಯ ಕಾಲೇ. ಇನ್ನೊಂದು ಕಾಲು ಈಗಲೂ ಚೆನ್ನಾಗಿದೆ.

ಜಾಕಿಯಕ್ಕ ಪಕ್ಕೆ ಹಿಡಿದುಕೊಂಡೇ ಎರಡನೇ ಸರಪಳಿ ಬಿಗಿದು, ಟ್ರ್ಯಾಕ್ಟರಿಗೆ ಟ್ರೈಲರ್ ಮತ್ತೆ ಸಿಕ್ಕಿಸಿದಳು. ಎರಡನೇ ಸಲ ಟ್ರೈಲರ್ ನೀರಿಗೆ ಹೋಯಿತು. ಚಕ್ರ ಮುಳುಗಿತು. ಹಲಗೆ ಮುಳುಗಿ, ಮುಳುಗಿದಲ್ಲೇ ಉಳಿಯಿತು. ಚಕ್ರ ಕಾಂಕ್ರೀಟಿನ ಅಂಚಿಗೆ ಬಂದು ನಿಂತಾಗ ದೋಣಿ ಒಮ್ಮೆ ಉಸಿರೆಳೆದ ಹಾಗೆ ಅಲುಗಿ, ಹಲಗೆ ಬಿಟ್ಟು ತೇಲಿತು. ಮೊಣಕಾಲು ನೀರಿನಲ್ಲಿ. ತಮ್ಮ ಎಡಗೈಯಿಂದ ದಾರ ಎಳೆದ. ಮೋಟಾರು ಮೂರನೇ ಎಳೆತಕ್ಕೆ ಕೆಮ್ಮಿ ಹತ್ತಿಕೊಂಡಿತು. ಅವನು ಎಡಮಗ್ಗುಲ ಕಡೆ ನೋಡಲೂ ಇಲ್ಲ, ಬಲೆಯ ಕಡೆ ಹೋದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಧ್ಯಕ್ಷರ ಎದುರಿಗೆ ಅವರ ಅನುಮತಿಯಿಲ್ಲದೆ ಒಂದು ಕೆಲಸ ಆಗಿಹೋಗಿತ್ತು. ಅಂಥ ಗಾಯಕ್ಕೆ ಮುಲಾಮಿಲ್ಲ.

ಖಾಲಿ ಟ್ರೈಲರ್ ಒಣ ನೆಲಕ್ಕೆ ಬಂದು ನಿಂತಿತು. ಮೇಲೆ ಭಾರವಿಲ್ಲ, ಕೆಳಗೆ ಕಮಾನು ಅದುಮಿದ ಹಾಗೇ ಇದೆ, ನಡುವೆ ಸರಪಳಿ ವೀಣೆಯ ತಂತಿಯ ಹಾಗೆ ಬಿಗಿದು ನಿಂತಿದೆ. ಅದನ್ನು ಬಿಚ್ಚುವುದಕ್ಕೆ ಒಂದೇ ದಾರಿ: ಚಾಸಿಯನ್ನು ಮೇಲಿಂದ ಅದುಮಿ ಹಿಡಿದು, ಸರಪಳಿ ಸಡಿಲವಾದ ಮೇಲೆ ಕೊಂಡಿ ತೆಗೆದು, ಮೆಲ್ಲಗೆ ಬಿಡಬೇಕು. ಅವಳು ಅದುಮಲು ಮರದ ದಿಮ್ಮಿ ತರಲು ಹೊರಟಿದ್ದಳು. ಅಧ್ಯಕ್ಷರು ಬಿಳಿ ಟೋಪಿ ಸರಿಮಾಡಿಕೊಂಡು ಟ್ರೈಲರಿನ ಬಳಿ ಬಂದು, ಸೀಟಿಯನ್ನು ಬಾಯಿಗಿಟ್ಟುಕೊಂಡು, ಬಗ್ಗಿ ನೋಡಿದರು. ಸುತ್ತಿಗೆ ಅಲ್ಲೇ ಬಿದ್ದಿತ್ತು.

"ಮುಟ್ಟಬೇಡಿ ಅಧ್ಯಕ್ಷರೇ" ಎಂದಳು.

ಅವರು ಸೀಟಿ ಊದಿದರು. ಅದರ ಅರ್ಥ, ನನಗೇ ಹೇಳುತ್ತೀಯಾ.

"ಕೊಂಡಿ ಮುಟ್ಟಬೇಡಿ, ಹಾರುತ್ತೆ."

ಇನ್ನೂ ಉದ್ದಕ್ಕೆ ಊದಿದರು. ಅಕ್ರಮ ಸರಪಳಿಯನ್ನು ಸ್ವಹಸ್ತದಿಂದ ತೆರವುಗೊಳಿಸುವುದನ್ನು ಊರೇ ನೋಡಲೆಂದು ಒಮ್ಮೆ ಸುತ್ತ ನೋಡಿ, ಸುತ್ತಿಗೆ ಎತ್ತಿ, ಕೊಂಡಿಗೆ ಒಂದು ಏಟು ಹಾಕಿದರು. ಅವರು ಸುತ್ತಿಗೆ ಎತ್ತಿದ ಕೂಡಲೇ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಚಾಸಿ ಕುದುರೆ ಎದ್ದ ಹಾಗೆ ಎದ್ದಿತು. ಕೊಂಡಿ ಹಾರಿದ್ದು ಯಾರಿಗೂ ಕಾಣಲಿಲ್ಲ, ಅದು ತಲುಪಿದ್ದು ಮಾತ್ರ ಕಂಡಿತು. ಸೀಟಿಯ ಸದ್ದು ನಡುವೆ ಕತ್ತರಿಸಿ ಹೋಯಿತು. ಅಧ್ಯಕ್ಷರು ಕೂತರು. ಬಾಯಿಂದ ಮೊದಲು ರಕ್ತ, ಆಮೇಲೆ ನಾಲ್ಕು ಹಲ್ಲು, ಕೊನೆಗೆ ಚಪ್ಪಟೆಯಾದ ಹಿತ್ತಾಳೆ. ಕೆಳದವಡೆ ಒಂದು ಬದಿಗೆ ವಾಲಿ ಜೋತಿತ್ತು. ಬಿಳಿ ಟೋಪಿ ಉರುಳಿಕೊಂಡು ಹೋಗಿ ಎಡಮಗ್ಗುಲ ಆಳದ ನೀರಿಗೆ ಬಿದ್ದು ಚೆನ್ನಾಗಿ ತೇಲಿತು.

ಅವಳೇ ದವಡೆಗೆ ತನ್ನ ಸೆರಗು ಹರಿದು ಕಟ್ಟಿದಳು. ಅವಳ ಗಂಡನೇ ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಅಕ್ಕನ ಮಕ್ಕಳಲ್ಲಿ ಒಬ್ಬನಿಗೆ ಕಾಲಿರಲಿಲ್ಲ, ಇನ್ನೊಬ್ಬನಿಗೆ ರಕ್ತ ಕಂಡರೆ ತಲೆಸುತ್ತು. ಮಧ್ಯಾಹ್ನ ತಮ್ಮ ಬಲೆ ತುಂಬಿಕೊಂಡು ಬಂದು, ಮೀನು ಇಳಿಸಿ, ಮುರಿದ ಕೈ ತೋರಿಸಲು ಅದೇ ಆಸ್ಪತ್ರೆಗೆ ಹೋದ. ಅಧ್ಯಕ್ಷರ ಪಕ್ಕದ ಹಾಸಿಗೆಯೇ ಸಿಕ್ಕಿತು. ಎರಡು ದಿನ ಒಬ್ಬರನ್ನೊಬ್ಬರು ನೋಡುತ್ತ ಮಲಗಿದ್ದರು. ಒಬ್ಬರಿಗೆ ಬಾಯಿಲ್ಲ, ಇನ್ನೊಬ್ಬನಿಗೆ ಕೈಯಿಲ್ಲ. ಶಾಂತಿ ಮಾತುಕತೆಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಸಂಘಕ್ಕೆ ಎಂದೂ ಹೊಳೆದಿರಲಿಲ್ಲ.

ಒಂದೊಂದೇ ಟ್ರೈಲರ್ ಅವಳ ಶೆಡ್ಡಿಗೆ ಬಂದು ಗಿಡ್ಡವಾಗತೊಡಗಿತು. ಎಲ್ಲಕ್ಕೂ ಸರಪಳಿ, ಪ್ರತಿ ಸರಪಳಿಯ ಕೊಂಡಿಗೂ ಕೆಂಪು ಬಣ್ಣ. ಬಲಮಗ್ಗುಲಲ್ಲಿ ಆರು ದೋಣಿ ಒಟ್ಟಿಗೆ ಇಳಿಯುವಷ್ಟು ಅಗಲವಿದೆ ಎಂದು ಜನಕ್ಕೆ ಆಗ ಗೊತ್ತಾಯಿತು. ಎಡಮಗ್ಗುಲಿಗೆ ಯಾರೂ ಬೇಡಿಕೆ ಇಡದೆ ಹಗ್ಗ ತಾನಾಗಿಯೇ ಕೊಳೆಯಿತು. ಮಚ್ಚು ಈಗ ಗಂಡನ ಬಳಿ ಇದೆ. ಈರುಳ್ಳಿಗೆ ಸ್ವಲ್ಪ ದೊಡ್ಡದಾಯಿತು ಎನ್ನುತ್ತಾನೆ.

ಮೂರು ತಿಂಗಳ ಮೇಲೆ ಅಧ್ಯಕ್ಷರೇ ಶೆಡ್ಡಿಗೆ ಬಂದರು. ಮಳೆ ಬಿದ್ದು ಎಡಮಗ್ಗುಲಿಗೂ ಹೂಳು ಬಂದಿತ್ತು. ಅವರ ಬಿಳಿ ದೋಣಿಯ ಟ್ರೈಲರೂ ತಗ್ಗಬೇಕಾಗಿತ್ತು. ಹೊಸ ಹಲ್ಲಿನ ಸೆಟ್ಟು ಇನ್ನೂ ಕೂತಿರಲಿಲ್ಲ, 'ಸ' ಬಂದ ಕಡೆಯೆಲ್ಲ ಸೀಟಿ ತಾನಾಗಿಯೇ ಊದುತ್ತಿತ್ತು. ಜಾಕಿಯಕ್ಕ ನೆಲದ ಮೇಲೆ ಮಲಗಿ, ಅರ್ಧ ಬೆರಳು ಹಿಡಿದು ಅಚ್ಚು ಅಳೆಯುತ್ತಿದ್ದಳು. ಅವರು ಬಣ್ಣದ ಡಬ್ಬಿಯ ಮೇಲೆ ಕೂತು, ಬಹಳ ದಿನದಿಂದ ಕೊರೆಯುತ್ತಿದ್ದದ್ದನ್ನು ಗಾಂಭೀರ್ಯದಿಂದ ಕೇಳಿದರು.

"ಸರಪಳಿ ಸಿಡಿಯುತ್ತೆ ಅಂತ ನಿನಗೆ ಸರಿಯಾಗಿ ಗೊತ್ತಿತ್ತಲ್ಲಮ್ಮಾ. ಹಂಗಿದ್ದ ಮೇಲೆ ನೀನೇ ಬಂದು ಮಧ್ಯೆ ನಿಂತು ಯಾಕೆ ತಡೀಲಿಲ್ಲ?"

ಅವಳು ಟ್ರೈಲರಿನ ಕೆಳಗಿನಿಂದಲೇ ಹೇಳಿದಳು: "ನನ್ನ ಹಲ್ಲು ನಂಗೆ ಬೇಕಿತ್ತು."